ಕೊನೆಯ ಅಂಗುಲ ಕೇಳಿಸಿ ಮಾರುವ ಅಂಗಡಿ

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆಯ ಹಿಂಬದಿಯ ಅಡ್ಡರಸ್ತೆಯೊಂದರಲ್ಲಿ, ಹೊಲಿಗೆ ಯಂತ್ರ ರಿಪೇರಿಯವರ ಪಕ್ಕಕ್ಕೆ, ಹಳೆಯ ರೆಕಾರ್ಡುಗಳನ್ನು ಮಾರುವ ಮತ್ತು ಅವುಗಳನ್ನು ನುಡಿಸುವ ಟರ್ನ್‌ಟೇಬಲ್‌ಗಳನ್ನು ಸರಿಮಾಡಿಕೊಡುವ ಸಣ್ಣ ಅಂಗಡಿಯಿದೆ. ಫಲಕದ ಮೇಲೆ ಇಂದಿಗೂ ‘ರೇಡಿಯೊ ರಿಪೇರಿ’ ಎಂದಷ್ಟೇ ಬರೆದಿದೆ. ಹತ್ತೊಂಬತ್ತನೆಯ ಶತಮಾನದ ಪಾಶ್ಚಾತ್ಯ ಸಂಗೀತ ರಚನೆಕಾರರಾದ ಬ್ರಾಮ್ಸ್, ಬ್ರುಕ್ನರ್, ವಾಗ್ನರ್ ಅವರನ್ನು ರೆಕಾರ್ಡಿನಲ್ಲಿ ಕೇಳಬೇಕೆನ್ನುವ ಯಾರೇ ಆಗಲಿ, ಬೆಂಗಳೂರಿನ ಅಂಗಡಿಗಳನ್ನು ಸುತ್ತುವ ಮೊದಲು ಇಲ್ಲಿಗೆ ಬನ್ನಿ ಎನ್ನುತ್ತೇನೆ. ಸಂಗ್ರಹ ದೊಡ್ಡದಲ್ಲ, ಬೆಲೆಯೂ ಅಗ್ಗವೇನಲ್ಲ. ಆದರೆ ಇಲ್ಲಿನ ಯಜಮಾನರು ರೆಕಾರ್ಡಿನ ಗೆರೆಯಲ್ಲಿ ಓಡುವ ಮುಳ್ಳನ್ನು ಕೂರಿಸುವ ಕ್ರಮಕ್ಕೂ ಆ ಸಂಗೀತ ಕಟ್ಟಿರುವ ಕ್ರಮಕ್ಕೂ ಇರುವ ನಂಟನ್ನು ಬೇರೆಲ್ಲೂ ನಾನು ಕಂಡಿಲ್ಲ. ಅದನ್ನು ವಿವರಿಸಲೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಕೋಲಾರದ ಗೌರಿಪೇಟೆಯಲ್ಲಿ ಮಕ್ಕಳಿಗೆ ಪಿಟೀಲು ಕಲಿಸುತ್ತೇನೆ. ಸರಳೆ, ಜಂಟಿ, ಗೀತೆ, ವರ್ಣ ಎಂಬ ದಾರಿಯಲ್ಲೇ ಬೆಳೆದ ಕಿವಿ ನನ್ನದು. ಪಾಶ್ಚಾತ್ಯ ಸಿಂಫನಿಯನ್ನು, ಅಂದರೆ ದೊಡ್ಡ ವಾದ್ಯವೃಂದಕ್ಕೆ ಬರೆದ ಹಲವು ಭಾಗಗಳ ಕೃತಿಯನ್ನು, ನಾನು ಕೇಳುವುದೂ ಆ ಕಿವಿಯಿಂದಲೇ. ಹಾಗಾಗಿ ಸ್ವರಗಳ ಮಾತು ಬಂದಾಗ ಸ, ರಿ, ಗ ಎಂದೇ ಹೇಳುತ್ತೇನೆ. ನಮ್ಮ ಕಡೆಯ ಓದುಗರಿಗೆ ಅದೇ ಹತ್ತಿರ.

ಈ ಸಂಗೀತದ ಜೀವ ಇರುವುದು ತಡೆದು ನಿಲ್ಲಿಸುವುದರಲ್ಲಿ. ಶಂಕರಾಭರಣದ ಸ್ವರಗಳನ್ನೇ ತೆಗೆದುಕೊಂಡು ಪ, ನಿ, ರಿ, ಮ ನಾಲ್ಕನ್ನೂ ಒಮ್ಮೆಲೇ ನುಡಿಸಿ ನೋಡಿ. ಸ, ಗ, ಪ ಬರಲಿ ಎಂದು ಕಿವಿ ತಾನಾಗಿಯೇ ಬೇಡುತ್ತದೆ. ಹೇಡನ್, ಮೊಜಾರ್ಟ್ ಕಾಲದಲ್ಲಿ ಆ ಬೇಡಿಕೆ ಹೆಚ್ಚಾಗಿ ಕ್ಷಣಗಳಲ್ಲೇ ತೀರುತ್ತಿತ್ತು. ಮುಂದಿನ ತಲೆಮಾರಿನವರು ಅದನ್ನು ಎಳೆದರು. ತೀರುವ ಹೊತ್ತಿಗೆ ಇನ್ನೊಂದು ಬೇಡಿಕೆಯನ್ನು ಎಬ್ಬಿಸಿ ಮೊದಲನೆಯದನ್ನು ಬಾಕಿ ಇಟ್ಟರು. ಕೊನೆಗೆ ಇಡೀ ಕೃತಿಯ ಉದ್ದಕ್ಕೂ ಒಂದೇ ಬಾಕಿಯನ್ನು ಹೊತ್ತು ನಡೆಸಿದರು. ನಮ್ಮಲ್ಲೂ ಇದು ಉಂಟು. ಕಲ್ಯಾಣಿಯ ಆಲಾಪನೆಯಲ್ಲಿ ತಾರಷಡ್ಜ ಮುಟ್ಟುವ ಮುನ್ನ ವಿದ್ವಾಂಸರು ನಿಷಾದದ ಮೇಲೆ ನಿಂತುಬಿಟ್ಟರೆ ಸಭೆಗೆ ಸಭೆಯೇ ಉಸಿರು ಬಿಗಿಹಿಡಿಯುತ್ತದೆ. ಆದರೆ ನಮ್ಮ ಬೆನ್ನಿಗೆ ತಂಬೂರಿ ಇರುತ್ತದೆ. ಷಡ್ಜ ಎಲ್ಲಿದೆ ಎಂಬುದರಲ್ಲಿ ಅನುಮಾನವೇ ಇಲ್ಲ. ಸಿಂಫನಿಯಲ್ಲಿ ಆಧಾರ ಷಡ್ಜವೇ ಜಾಗ ಬದಲಿಸುತ್ತಾ ಹೋಗುತ್ತದೆ. ಗ್ರಹಭೇದವನ್ನು, ಅಂದರೆ ಬೇರೊಂದು ಸ್ವರವನ್ನು ಷಡ್ಜವೆಂದು ಹಿಡಿಯುವುದನ್ನು, ರಾಗದ ನಡುವಿನ ಒಂದು ಚಮತ್ಕಾರವಾಗಿ ನಾವು ಮಾಡಿ ಮರಳುತ್ತೇವೆ; ಅವರು ಅದನ್ನೇ ಪ್ರಯಾಣದ ದಾರಿಯನ್ನಾಗಿ ಮಾಡಿಕೊಂಡು, ಮರಳುವುದನ್ನು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಮುಂದೂಡುತ್ತಾರೆ.

ಇಲ್ಲಿ ರೆಕಾರ್ಡಿನ ರಚನೆಯೇ ಒಂದು ಅಡ್ಡಿಯಾಗಿ ಬರುತ್ತದೆ. ಎಲ್‌ಪಿ, ಅಂದರೆ ದೀರ್ಘಾವಧಿಯ ರೆಕಾರ್ಡು, ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಹೊರಸುತ್ತಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋದರೆ, ಲೇಬಲಿನ ಹತ್ತಿರದ ಒಳಸುತ್ತಿನಲ್ಲಿ ಅದು ಸುಮಾರು 20 ಸೆಂಟಿಮೀಟರಿಗೆ ಇಳಿಯುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಮುಳ್ಳು ಕೊಂಚ ಓರೆಯಾಗಿದ್ದರೂ ಸದ್ದು ಒಡೆಯುವುದು ಅಲ್ಲೇ. ಲಘುಸಂಗೀತದ ರೆಕಾರ್ಡಿನಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ಕೊನೆಯ ಹಾಡು ಮೆತ್ತಗಿನದಾಗಿದ್ದರೆ ಆಯಿತು. ಬ್ರಾಮ್ಸ್, ಬ್ರುಕ್ನರ್ ಅವರ ಕಾಲದ ರೊಮ್ಯಾಂಟಿಕ್ ಸಿಂಫನಿಯಲ್ಲಿ ಹಾಗಲ್ಲ. ಅಷ್ಟು ಹೊತ್ತು ಬಾಕಿ ಇಟ್ಟದ್ದನ್ನು ತೀರಿಸುವ ಜಾಗ, ಟ್ರಾಂಬೋನು, ಕೊಂಬು ಎಂಬ ಗಾಳಿವಾದ್ಯಗಳು, ಟಿಂಪನಿ ಎಂಬ ನಗಾರಿಗಳೆಲ್ಲ ಒಟ್ಟಿಗೆ ಏಳುವ ಜಾಗ ಬರುವುದು ಹೆಚ್ಚಾಗಿ ಬದಿಯ ಕಟ್ಟಕಡೆಯಲ್ಲಿ. ಅತಿ ದೊಡ್ಡ ಸದ್ದು ಅತಿ ಇಕ್ಕಟ್ಟಿನ ಗೆರೆಗೆ ಬಂದು ಬೀಳುತ್ತದೆ.

ಈ ಅಂಗಡಿಯ ಯಜಮಾನರು ಯಾವ ಟರ್ನ್‌ಟೇಬಲ್ ಬಂದರೂ ಮೊದಲು ನೋಡುವುದು ಆ ಕೊನೆಯ ಅಂಗುಲವನ್ನು. ತಿರುಗಣಿಯ ಮೇಲೆ ಕೂತ ತೋಳು ರೆಕಾರ್ಡಿನ ಮೇಲೆ ಬಿಲ್ಲಿನ ಹಾಗೆ ಬಾಗಿ ಸಾಗುವುದರಿಂದ, ಮುಳ್ಳು ಗೆರೆಗೆ ಸರಿಯಾಗಿ ಹೊಂದಿಕೊಳ್ಳುವುದು ಎರಡೇ ಬಿಂದುಗಳಲ್ಲಿ. ಆ ಎರಡನ್ನು ಎಲ್ಲಿಡಬೇಕು ಎಂಬುದಕ್ಕೆ ಲೆಕ್ಕಗಳಿವೆ. ಹೆಚ್ಚಿನವರು ಬಳಸುವುದು ಬೇರ್ವಾಲ್ಡ್ ಎಂಬವರು 1941ರಲ್ಲಿ ಕೊಟ್ಟ ಲೆಕ್ಕ. ಅದರಲ್ಲಿ ಒಳಬಿಂದು ಕೇಂದ್ರದಿಂದ 66 ಮಿಲಿಮೀಟರ್ ದೂರದಲ್ಲಿರುತ್ತದೆ, ಒಟ್ಟಾರೆ ದೋಷ ಎಲ್ಲ ಕಡೆಗೂ ಹಂಚಿಹೋಗುತ್ತದೆ. ಇವರು ಸ್ಟೀವನ್‌ಸನ್ 1966ರಲ್ಲಿ ಕೊಟ್ಟ ಲೆಕ್ಕವನ್ನು ಇಟ್ಟುಕೊಂಡಿದ್ದಾರೆ. ಅದರಲ್ಲಿ ಒಳಬಿಂದು ಸುಮಾರು 60 ಮಿಲಿಮೀಟರಿಗೆ, ಅಂದರೆ ಗೆರೆ ಮುಗಿಯುವ ಜಾಗಕ್ಕೇ ಬರುತ್ತದೆ. ನಡುವಿನ ಸುತ್ತುಗಳಲ್ಲಿ ದೋಷ ತುಸು ಹೆಚ್ಚಾದರೂ ಅಂತ್ಯ ಶುದ್ಧವಾಗಿರುತ್ತದೆ. ‘ಸಿನಿಮಾ ಹಾಡು ಕೇಳೋರಿಗೆ ಮೊದಲನೇದು ಸಾಕು ಟೀಚರಮ್ಮ, ನಿಮ್ಮಂಥೋರಿಗೆ ಕೊನೆ ಚೆನ್ನಾಗಿರಬೇಕು’ ಎಂದು ಅವರು ಹೇಳಿದಾಗ, ನನಗೆ ಆ ಮಾತು ಸಂಗೀತಶಾಸ್ತ್ರದ ಒಂದು ಪಾಠದಂತೆಯೇ ಕೇಳಿಸಿತು. ಕನ್ನಡಿ ತುಂಡೊಂದರ ಮೇಲೆ ಗೀಟು ಎಳೆದ ಅಳತೆಪಟ್ಟಿ, ಕಣ್ಣಿಗೆ ಗಡಿಯಾರ ರಿಪೇರಿಯವರ ಭೂತಗನ್ನಡಿ, ಕೈಯಲ್ಲಿ ಹಲ್ಲುಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್. ಮುಳ್ಳನ್ನು ಹಿಡಿದಿರುವ ಕಾರ್ಟ್ರಿಜ್‌ನ ಎರಡು ತಿರುಪುಗಳನ್ನು ಸಡಿಲಿಸಿ, ಉಗುರಿನ ತುದಿಯಿಂದ ತಳ್ಳಿ, ಮತ್ತೆ ಬಿಗಿದು, ಮತ್ತೆ ನೋಡುತ್ತಾರೆ. ಮುಳ್ಳಿನ ಭಾರವನ್ನು ಪುಟ್ಟ ತಕ್ಕಡಿಯಲ್ಲಿ ತೂಗಿ ಎರಡು ಗ್ರಾಮಿನೊಳಗೆ ನಿಲ್ಲಿಸುತ್ತಾರೆ.

ಇದನ್ನು ಏಕೆ ಒತ್ತಿ ಹೇಳುತ್ತೇನೆಂದರೆ, ಇದಕ್ಕೆ ಮೊದಲು ಬೆಂಗಳೂರಿನ ಒಂದು ದೊಡ್ಡ ಮಳಿಗೆ ನನಗೆ ಸೂಟ್‌ಕೇಸಿನ ಆಕಾರದ ಅಂದದ ಯಂತ್ರವೊಂದನ್ನು ಕೊಟ್ಟಿತ್ತು. ಅದರ ಸೆರಾಮಿಕ್ ಕಾರ್ಟ್ರಿಜ್ ಐದು ಗ್ರಾಮಿಗೂ ಮೀರಿದ ಭಾರ ಹೇರುತ್ತಿತ್ತು. ನನ್ನ ಬಳಿಯಿದ್ದ ಬ್ರಾಮ್ಸ್ ಮೂರನೆಯ ಸಿಂಫನಿಯ ಒಳಸುತ್ತುಗಳು ಅದರ ಕೈಯಲ್ಲಿ ಹಾಳಾದವು. ಆ ಸಿಂಫನಿಯ ನಾಲ್ಕು ಭಾಗಗಳೂ ಮೆಲುದನಿಯಲ್ಲಿ ಮುಗಿಯುತ್ತವೆ. 1883ರಲ್ಲಿ ಹಾಗೆ ಮುಗಿಸಲು ಎದೆಗಾರಿಕೆ ಬೇಕಿತ್ತು. ಅಷ್ಟು ಮೆಲ್ಲನೆ ಇಳಿದು ಬರುವ ಕೊನೆಯ ಎಫ್ ಮೇಜರ್ (ಎಫ್ ಅನ್ನು ಷಡ್ಜವಾಗಿಟ್ಟ ಸ, ಗ, ಪ) ಸ್ವರಗುಚ್ಛದ ಮೇಲೆ ಈಗ ಚರಚರ ಸದ್ದು ಶಾಶ್ವತವಾಗಿ ಕೂತಿದೆ. ಅದನ್ನು ಕೇಳಿದರೆ ಇಂದಿಗೂ ಸಂಕಟವಾಗುತ್ತದೆ.

ಅಂಗಡಿಯಲ್ಲಿ ನನ್ನ ಪರೀಕ್ಷೆಯ ರೆಕಾರ್ಡು ಬ್ರಾಮ್ಸ್ ಅವರ ಮೊದಲ ಸಿಂಫನಿ. ಸಿ ಮೈನರ್ (ಷಡ್ಜ ಸಿ, ಗಾಂಧಾರ ಸಾಧಾರಣ), 1876ರ ನವೆಂಬರ್ 4ರಂದು ಕಾರ್ಲ್ಸ್‌ರೂಹೆಯಲ್ಲಿ ಮೊದಲ ಪ್ರದರ್ಶನ. ಮೊದಲ ಕ್ಷಣದಲ್ಲೇ ಟಿಂಪನಿ, ಮಂದ್ರದ ವಾದ್ಯಗಳಾದ ಡಬಲ್ ಬಾಸ್, ಕಾಂಟ್ರಾಬಾಸೂನ್‌ಗಳು ಒಂದೇ ಷಡ್ಜವನ್ನು ಬಡಿಯತೊಡಗುತ್ತವೆ. ಅದರ ಮೇಲೆ ಪಿಟೀಲುಗಳು ಅರ್ಧರ್ಧ ಸ್ವರ ಏರುತ್ತವೆ, ಮರದ ಗಾಳಿವಾದ್ಯಗಳು ಇಳಿಯುತ್ತವೆ. ಒಂದೊಂದು ಹೆಜ್ಜೆಗೂ ಮೇಲಿನ ಎರಡು ಸಾಲುಗಳು ಕೆಳಗಿನ ಷಡ್ಜದೊಂದಿಗೆ ಡಿಕ್ಕಿ ಹೊಡೆಯುತ್ತವೆ. ಷಡ್ಜ ಮಾತ್ರ ಅಲುಗುವುದಿಲ್ಲ. ತಂಬೂರಿಯ ಷಡ್ಜದಲ್ಲಿ ವಿಶ್ರಾಂತಿ ಕಂಡವರಿಗೆ ಇದು ವಿಚಿತ್ರ ಅನುಭವ. ಇಲ್ಲಿ ಅದೇ ಷಡ್ಜ ಯಾರನ್ನೂ ವಿಶ್ರಮಿಸಲು ಬಿಡುವುದಿಲ್ಲ. ಮುಂದೆ ಅದೇ ಬಡಿತ ಪಂಚಮಕ್ಕೆ ಸರಿದು, ಬಾಕಿ ಇನ್ನಷ್ಟು ಬಿಗಿಯಾಗುತ್ತದೆ.

ಹೀಗಾಗಿ ಸ್ಪೀಕರ್ ಮಂದ್ರವನ್ನು ನುಂಗಿಹಾಕಿದರೆ ಈ ಸಂಗೀತ ಅರ್ಥವಾಗುವುದೇ ಇಲ್ಲ. ಮೊಬೈಲಿನ ಸ್ಪೀಕರಿನಲ್ಲಿ ಮೇಲಿನ ಎರಡು ಸಾಲುಗಳು ಕೇಳಿಸುತ್ತವೆ, ಅಡಿಯ ಷಡ್ಜ ಕೇಳಿಸುವುದಿಲ್ಲ. ಆಗ ಘರ್ಷಣೆ ಎಲ್ಲಿಯದು? ಯಾರೋ ದುಃಖದಿಂದ ಸ್ವರ ಏರಿಸುತ್ತಿದ್ದಾರೆ ಎಂದಷ್ಟೇ ಅನ್ನಿಸುತ್ತದೆ. ಸಿಂಫನಿ ನನಗೆ ಹಿಡಿಸಲಿಲ್ಲ ಎನ್ನುವವರಲ್ಲಿ ಅನೇಕರು ಅದನ್ನು ಕೇಳಿರುವುದು ಹೀಗೆಯೇ ಎಂಬುದು ನನ್ನ ಗಟ್ಟಿ ನಂಬಿಕೆ. ಯಜಮಾನರು ತಮ್ಮ ಕೇಳುವ ಕೋಣೆಯಲ್ಲಿ ಎದೆಮಟ್ಟದ ಹಳೆಯ ಮರದ ಪೆಟ್ಟಿಗೆಯ ಸ್ಪೀಕರುಗಳನ್ನು ಇಟ್ಟಿದ್ದಾರೆ. ಅವುಗಳಲ್ಲಿ ಟಿಂಪನಿಯ ಏಟು ಮೊದಲು ಕಾಲಡಿಯ ಹಲಗೆಗೆ ಬರುತ್ತದೆ, ಆಮೇಲೆ ಕಿವಿಗೆ.

ಇನ್ನು ಕೊನೆಯ ಭಾಗ. ಟ್ರಾಂಬೋನುಗಳು ಮೊದಲ ಮೂರು ಭಾಗಗಳಲ್ಲಿ ಬಾಯಿಯನ್ನೇ ತೆರೆಯುವುದಿಲ್ಲ. ನಾಲ್ಕನೆಯದರಲ್ಲಿ, ಮೋಡ ಕವಿದ ಪೀಠಿಕೆಯ ನಂತರ, ಕೊಂಬು ವಾದ್ಯ ಸಿ ಮೇಜರ್‌ನಲ್ಲಿ ಆಲ್ಪ್ಸ್ ಕುರುಬರ ಕಹಳೆಯ ಧಾಟಿಯೊಂದನ್ನು ಊದುತ್ತದೆ. ಬ್ರಾಮ್ಸ್ 1868ರಲ್ಲೇ ಅದನ್ನು ಪಿಯಾನೊ ವಾದಕಿ ಕ್ಲಾರಾ ಶೂಮನ್ ಅವರಿಗೆ ಹುಟ್ಟುಹಬ್ಬದ ಶುಭಾಶಯವಾಗಿ ಬರೆದು ಕಳಿಸಿದ್ದರು. ಅದರ ಬೆನ್ನಿಗೆ ಟ್ರಾಂಬೋನುಗಳು ಪ್ರಾರ್ಥನೆಯಂಥ ಸಾಲೊಂದನ್ನು ಮೆಲ್ಲನೆ ನುಡಿಸಿ ಸುಮ್ಮನಾಗುತ್ತವೆ. ಬಹಳ ಹೊತ್ತಿನ ಮೇಲೆ, ಅಂತ್ಯದ ಓಟದ ನಡುವೆ, ಆ ಸಾಲು ಇಡೀ ವಾದ್ಯವೃಂದದ ಶಕ್ತಿಯೊಂದಿಗೆ ಮತ್ತೆ ಬರುತ್ತದೆ. ಮೊದಲ ಕ್ಷಣದ ಷಡ್ಜದ ಬಾಕಿ ತೀರುವುದು ಅಲ್ಲಿಗೆ. ರೆಕಾರ್ಡಿನಲ್ಲಿ ಅದು ಎರಡನೆಯ ಬದಿಯ ಕೊನೆಯ ಅಂಗುಲ. ನನ್ನ ಹಿಂದಿನ ಯಂತ್ರದಲ್ಲಿ ಅದು ಹರಿದ ತಗಡಿನ ಸದ್ದು ಮಾಡುತ್ತಿತ್ತು. ಇವರು ಸರಿಮಾಡಿಕೊಟ್ಟ ಯಂತ್ರದಲ್ಲಿ ಟ್ರಾಂಬೋನುಗಳ ಮೂರು ದನಿಗಳೂ ಬೇರೆ ಬೇರೆಯಾಗಿ ನಿಂತವು. ನಡುವಿನದು ಗಾಂಧಾರದಲ್ಲಿದೆ ಎಂದು ತೋರಿಸಿ ಹೇಳುವಷ್ಟು ಸ್ಪಷ್ಟ.

ಒಂದು ವಿಷಯದಲ್ಲಿ ಮಾತ್ರ ಯಜಮಾನರಿಗೂ ನನಗೂ ಒಪ್ಪಂದವಿಲ್ಲ. ಗಿರಾಕಿಗೆ ತೋರಿಸಲು ಅವರು ನೇರವಾಗಿ ಕೊನೆಯ ಅಂಗುಲಕ್ಕೆ ಮುಳ್ಳು ಇಳಿಸುತ್ತಾರೆ. ಯಂತ್ರದ ಪರೀಕ್ಷೆಗೆ ಅದು ಸರಿ. ಸಂಗೀತದ ಪರೀಕ್ಷೆಗೆ ಸಾಲದು. ಕಾಯದೇ ಕೇಳಿದ ಸಿ ಮೇಜರ್ ಬರೀ ಸ, ಗ, ಪ. ಮಕ್ಕಳ ಹಾರ್ಮೋನಿಯಂನಲ್ಲೂ ಸಿಗುತ್ತದೆ. ನಾನು ಹಟಹಿಡಿದು ಇಡೀ ಬದಿಯನ್ನು ಕೇಳುತ್ತೇನೆ. ಅವರು ಬೇಸರಿಸಿಕೊಳ್ಳದೆ ಕುರ್ಚಿ ಹಾಕಿಕೊಟ್ಟು ತಮ್ಮ ಬೆಸುಗೆ ಕೆಲಸಕ್ಕೆ ಹೋಗುತ್ತಾರೆ. ಇಷ್ಟು ತಾಳ್ಮೆಯ ವ್ಯಾಪಾರಿಯನ್ನು ನಾನು ಮೆಚ್ಚುತ್ತೇನೆ.

ವೇಗದ ವಿಷಯಕ್ಕೆ ಬರೋಣ. 1902ರಲ್ಲೇ ಶಿವನಸಮುದ್ರದ ವಿದ್ಯುತ್ತನ್ನು ಕಂಡ ಊರು ಇದು. ಇಲ್ಲಿ ವೇಗವನ್ನು ಅಳೆಯುವುದೂ ಆ ವಿದ್ಯುತ್ತಿನಿಂದಲೇ. 180 ಗೆರೆಗಳ ಕಾಗದದ ಚಕ್ರವನ್ನು ತಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಹಳೆಯ ನಿಯಾನ್ ದೀಪ ಹಚ್ಚುತ್ತಾರೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ಆ ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ತಟ್ಟೆ ಸರಿಯಾಗಿ 33⅓ರಲ್ಲಿ ತಿರುಗುತ್ತಿದ್ದರೆ ಗೆರೆಗಳು ನಿಂತಲ್ಲೇ ನಿಂತಂತೆ ಕಾಣುತ್ತವೆ. ನಾನು ಇನ್ನೊಂದು ಪರೀಕ್ಷೆ ಸೇರಿಸುತ್ತೇನೆ. ನನ್ನ ಶ್ರುತಿ ಪೆಟ್ಟಿಗೆಯನ್ನು ಇ ಸ್ವರಕ್ಕೆ ಇಟ್ಟು ಬ್ರುಕ್ನರ್ ಏಳನೆಯ ಸಿಂಫನಿಯ ಆರಂಭವನ್ನು ಹಾಕಿಸುತ್ತೇನೆ. ವಾದ್ಯವೃಂದಗಳ ಶ್ರುತಿಯಲ್ಲಿ ಕೂದಲೆಳೆಯ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ನಾನು ಹುಡುಕುವುದು ಅಲುಗಾಟವನ್ನು. ಬೆಲ್ಟ್ ಸಡಿಲವಿದ್ದರೆ ಉದ್ದನೆಯ ಸ್ವರ ತೂಗಾಡುತ್ತದೆ. ಬ್ರುಕ್ನರ್ ಅವರಲ್ಲಿ ಉದ್ದನೆಯ ಸ್ವರವೇ ಎಲ್ಲ. ಆ ಸಿಂಫನಿಯ ಎರಡನೆಯ ಭಾಗವನ್ನು ವಾಗ್ನರ್ ಅವರ ಸಾವು ಹತ್ತಿರವಾಗಿದೆ ಎಂಬ ಅಳುಕಿನಲ್ಲಿ ಅವರು ಬರೆಯುತ್ತಿದ್ದರು. 1883ರ ಫೆಬ್ರವರಿಯಲ್ಲಿ ಸುದ್ದಿ ಬಂದೇ ಬಂದಿತು. ಸಿ ಶಾರ್ಪ್ ಮೈನರ್‌ನಿಂದ ಹೊರಟು, ಷಡ್ಜವನ್ನು ಮೆಟ್ಟಿಲಿನಿಂದ ಮೆಟ್ಟಿಲಿಗೆ ಎತ್ತುತ್ತಾ, ಪಿಟೀಲುಗಳ ಸುತ್ತುಸುತ್ತಿನ ಬೆಳವಣಿಗೆಯ ಮೇಲೆ ಅದು ಸಿ ಮೇಜರ್‌ಗೆ ಸ್ಫೋಟಿಸುತ್ತದೆ. ಅಲ್ಲಿ ಕಂಚಿನ ತಾಳ ಬಡಿಯಬೇಕೋ ಬೇಡವೋ ಎಂಬುದು ಆವೃತ್ತಿಯಿಂದ ಆವೃತ್ತಿಗೆ ಇಂದಿಗೂ ಬೇರೆ. ಬಡಿಯಬೇಕು ಎನ್ನುವವರ ಪಕ್ಷ ನನ್ನದು.

ಇದೇ ಬ್ರುಕ್ನರ್ ತಮ್ಮ ಒಂಬತ್ತನೆಯ ಸಿಂಫನಿಯ ಮೂರನೆಯ ಭಾಗದ ತುದಿಯಲ್ಲಿ ನಮ್ಮ ಕೀರವಾಣಿಯ ಏಳೂ ಸ್ವರಗಳನ್ನು ಒಂದೇ ಏಟಿಗೆ ನುಡಿಸಿ, ಉತ್ತರ ಕೊಡದೆ ನಿಲ್ಲಿಸಿಬಿಡುತ್ತಾರೆ. ಆಮೇಲೆ ಬರುವುದು ಮೌನ. ರೆಕಾರ್ಡಿನ ಧೂಳು ತೆಗೆದಿರದಿದ್ದರೆ ಆ ಮೌನ ಸಿಡಿಮಿಡಿ ಎನ್ನುತ್ತದೆ. ಇವರಲ್ಲಿ ರೆಕಾರ್ಡು ತೊಳೆದುಕೊಡುವ ಸೇವೆಯೂ ಇದೆ: ಬಟ್ಟಿ ಇಳಿಸಿದ ನೀರು, ಮೃದುವಾದ ಬ್ರಷ್, ನೆರಳಲ್ಲಿ ಒಣಗಿಸುವುದು. ಒಂದು ತಟ್ಟೆಗೆ ಅರವತ್ತು ರೂಪಾಯಿ. ಧಾರಾಳವಾಗಿ ಕೊಡಬಹುದು.

ಚೈಕಾವ್‌ಸ್ಕಿ ಅವರ ಆರನೆಯ ಸಿಂಫನಿಯನ್ನು ಎಡ-ಬಲ ದನಿಗಳು ಬೆರೆಯುತ್ತಿವೆಯೇ ಎಂದು ನೋಡಲು ಬಳಸಿ. 1893ರಲ್ಲಿ ಬಂದ ಆ ಕೃತಿಯ ಕೊನೆಯ ಭಾಗದ ಆರಂಭದಲ್ಲಿ ಕೇಳಿಸುವ ಇಳಿಮುಖದ ಧಾಟಿಯನ್ನು ಯಾವ ಒಬ್ಬ ವಾದಕನೂ ನುಡಿಸುತ್ತಿರುವುದಿಲ್ಲ. ಒಂದು ಸ್ವರ ಮೊದಲ ಪಿಟೀಲುಗಳದು, ಮುಂದಿನದು ಎರಡನೆಯ ಪಿಟೀಲುಗಳದು. ಎರಡು ಗುಂಪುಗಳೂ ವೇದಿಕೆಯ ಎದುರುಬದುರು ಕೂತು ನುಡಿಸಿದ ಧ್ವನಿಮುದ್ರಣ ಸಿಕ್ಕಿದರೆ ದುಃಖ ಎಡಬಲಕ್ಕೆ ತೂಗುತ್ತದೆ. ಪಿಟೀಲು ಕಲಿಯುವ ಮಕ್ಕಳಿಗೆ ಇದನ್ನು ಕೇಳಿಸಿದ್ದೇನೆ. ತಮ್ಮ ಪಾಲಿನ ಸ್ವರ ಅಡ್ಡಾದಿಡ್ಡಿಯಾಗಿ ಜಿಗಿಯುತ್ತಿದ್ದರೂ ಪಕ್ಕದವರೊಡನೆ ಸೇರಿ ಧಾಟಿ ಹುಟ್ಟುವುದನ್ನು ಕಂಡು ಅವರು ಬೆರಗಾದರು.

ಸಂಗ್ರಹದ ಬಗ್ಗೆ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಊರು ಬಿಟ್ಟವರ ಮನೆಗಳಿಂದ ಬಂದ ರೆಕಾರ್ಡುಗಳು ಇಲ್ಲಿ ಹೆಚ್ಚು. ಚಾಂಪಿಯನ್ ರೀಫ್ಸ್, ಊರ್‌ಗಾಂ ಬಂಗಲೆಗಳ ಹಳೆಯ ಹೆಸರುಗಳು ಹೊದಿಕೆಗಳ ಮೇಲೆ ಶಾಯಿಯಲ್ಲಿ ಕಾಣುತ್ತವೆ. ನನಗೆ ಸಿಕ್ಕ ದೊಡ್ಡ ನಿಧಿ ವಾಗ್ನರ್ ಅವರ ‘ಟ್ರಿಸ್ಟಾನ್ ಮತ್ತು ಇಸೋಲ್ಡೆ’ಯ ಪೆಟ್ಟಿಗೆ: ಫುರ್ಟ್‌ವೆಂಗ್ಲರ್ ನಿರ್ದೇಶನ, ಫ್ಲಾಗ್‌ಸ್ಟಾಡ್ ಗಾಯನ, 1952ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ವಾದ್ಯವೃಂದದೊಂದಿಗೆ ಮುದ್ರಿಸಿದ್ದು. ಇದು ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ; ಸಿಂಫನಿಯಲ್ಲ. ಆದರೆ ಬಾಕಿ ಇಡುವ ಕಲೆಯನ್ನು ನಂತರದ ಸಿಂಫನಿಕಾರರಲ್ಲಿ ಅನೇಕರು ಇದರಿಂದ ಕಲಿತರು. 1865ರ ಜೂನ್ 10ರಂದು ಮ್ಯೂನಿಕ್‌ನಲ್ಲಿ ರಂಗಕ್ಕೆ ಬಂದ ಈ ಕೃತಿಯ ಆರಂಭದಲ್ಲಿ ಚೆಲ್ಲೋಗಳು ಒಂದು ಸಾಲು ನುಡಿಸಿ ಎಫ್, ಬಿ, ಡಿ ಶಾರ್ಪ್, ಜಿ ಶಾರ್ಪ್ ಸೇರಿದ ಆ ಹೆಸರಾಂತ ಸ್ವರಗುಚ್ಛಕ್ಕೆ ಬರುತ್ತವೆ. ಅಲ್ಲಿಂದ ಓಬೋ ಅರ್ಧರ್ಧ ಸ್ವರ ಏರಿ ಇನ್ನೊಂದು ಅತೃಪ್ತ ಸ್ವರಗುಚ್ಛದಲ್ಲಿ ನಿಂತುಬಿಡುತ್ತದೆ. ಎ ಅನ್ನು ಷಡ್ಜವೆಂದುಕೊಂಡರೆ ಪಂಚಮದ ಮನೆಯಲ್ಲಿ ನಿಂತಂತೆ, ಷಡ್ಜ ಬರುವುದಿಲ್ಲ. ಮೌನ. ಇನ್ನೊಂದು ಎತ್ತರದಿಂದ ಅದೇ ಪ್ರಶ್ನೆ. ಮತ್ತೆ ಮೌನ. ಎರಡನೆಯ ಅಂಕದ ಪ್ರೇಮಗೀತೆ ಬಿ ಮೇಜರ್‌ನ ಹೊಸ್ತಿಲಿಗೆ ಬಂದಾಗ ಟ್ರಿಸ್ಟಾನನ ಅನುಚರ ಕುರ್ವೆನಾಲ್ ಕೂಗುತ್ತಾ ನುಗ್ಗಿ ಅದನ್ನು ಕಡಿದುಹಾಕುತ್ತಾನೆ. ನಾಲ್ಕು ಗಂಟೆಗಳ ಕೃತಿಯ ಕಟ್ಟಕಡೆಯಲ್ಲಿ, ಇಸೋಲ್ಡೆಯ ಹಾಡು ಮುಗಿದ ಮೇಲೆ, ಆ ಓಬೋ ಸ್ವರಗಳು ಮತ್ತೆ ಏರಿ ಬಿ ಮೇಜರ್‌ನಲ್ಲಿ ನೆಲೆ ಕಾಣುತ್ತವೆ. ಕೊನೆಯ ಬದಿಯನ್ನು ಯಜಮಾನರು ನನ್ನೆದುರೇ ಬೆಳಕಿಗೆ ಹಿಡಿದು, ಒಳಸುತ್ತಿನಲ್ಲಿ ಗೀರಿಲ್ಲ ಎಂದು ತೋರಿಸಿಯೇ ಹಣ ಪಡೆದರು.

ನಮ್ಮವರಿಗೆ ಇನ್ನೊಂದು ಕಾರಣಕ್ಕೂ ಈ ಪೆಟ್ಟಿಗೆ ಹತ್ತಿರ. ಫಿಲ್‌ಹಾರ್ಮೋನಿಯ ಕಚೇರಿ ಸಂಘದ ಮೊದಲ ಅಧ್ಯಕ್ಷರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ಅವರೇ, ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನಕ್ಕೆ ಹಣದ ಹೊಣೆ ಹೊತ್ತರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಹಾಡಿದ್ದು ಇದೇ ಫ್ಲಾಗ್‌ಸ್ಟಾಡ್, ನಡೆಸಿದ್ದು ಇದೇ ಫುರ್ಟ್‌ವೆಂಗ್ಲರ್. ಕನ್ನಡ ನಾಡಿನ ಅರಮನೆಗೂ ಈ ಸಂಗೀತಕ್ಕೂ ಇದ್ದ ಸಂಬಂಧವನ್ನು ನಾವು ಇನ್ನಷ್ಟು ಹೆಮ್ಮೆಯಿಂದ ಹೇಳಿಕೊಳ್ಳಬೇಕು.

ಕೊರತೆಗಳೂ ಇವೆ. ರೆಕಾರ್ಡುಗಳನ್ನು ಯಾವ ಕ್ರಮದಲ್ಲೂ ಜೋಡಿಸಿಲ್ಲ; ಬ್ರಾಮ್ಸ್ ಪಕ್ಕದಲ್ಲಿ ಕ್ರಿಸ್‌ಮಸ್ ಹಾಡುಗಳು, ಅದರಾಚೆ ತಮಿಳು ಚಿತ್ರಗೀತೆಗಳು. ಹೊದಿಕೆಯ ಒಳಗೆ ಬೇರೆ ತಟ್ಟೆ ಇರುವುದುಂಟು, ತೆರೆದು ನೋಡಿಯೇ ಕೊಳ್ಳಿ. ಬೆಲೆಚೀಟಿ ಇಲ್ಲ. ಒಳ್ಳೆಯ ಸ್ಥಿತಿಯ ಶಾಸ್ತ್ರೀಯ ಎಲ್‌ಪಿಗೆ ಐನೂರರಿಂದ ಸಾವಿರ ರೂಪಾಯಿ ಕೇಳುತ್ತಾರೆ, ಚೌಕಾಸಿಗೆ ಬಗ್ಗುವುದಿಲ್ಲ. ಕೇಳುವ ಕೋಣೆಗೆ ಕಿಟಕಿ ಒಂದೇ, ಏಪ್ರಿಲ್‌ನಲ್ಲಿ ಕೂರುವುದು ಕಷ್ಟ. ಆಂಪ್ಲಿಫೈಯರಿನಲ್ಲಿ ಸಣ್ಣ ಗುಂಯ್ ಸದ್ದು ಇದೆ. ಮಾಲರ್ ಅವರ ಮೆಲುದನಿಯ ಅಂತ್ಯಗಳಿಗೆ ಅದು ಅಡ್ಡ ಬರುತ್ತದೆ, ಅರ್ಥಿಂಗ್ ಸರಿಪಡಿಸಬೇಕೆಂದು ಅವರಿಗೆ ನೇರವಾಗಿಯೇ ಹೇಳಿದ್ದೇನೆ. ರಿಪೇರಿಗೆ ಕೊಟ್ಟರೆ ಎರಡು ವಾರ ಹಿಡಿಯುತ್ತದೆ. ಹೇಳಿದ ದಿನಕ್ಕೆ ಮಾತ್ರ ತಪ್ಪದೆ ಕೊಡುತ್ತಾರೆ.

ಕೋಲಾರದಿಂದ ಬರುವವರಿಗೆ ಕೆಜಿಎಫ್ ಬಸ್ಸುಗಳಿವೆ. ರೈಲಿನಲ್ಲಿ ಬರುವವರು ಬಂಗಾರಪೇಟೆಯಿಂದ ಮಾರಿಕುಪ್ಪಂ ಗಾಡಿ ಹಿಡಿದು ಊರ್‌ಗಾಂನಲ್ಲಿ ಇಳಿದು ಆಟೊ ಮಾಡಿಕೊಳ್ಳಬಹುದು. ಭಾನುವಾರ ರಜೆ. ಬೆಳಗಿನ ಹೊತ್ತು ಗಿರಾಕಿಗಳು ಕಡಿಮೆ, ಯಜಮಾನರಿಗೂ ಪುರುಸೊತ್ತು. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ರೆಕಾರ್ಡನ್ನು ಜೊತೆಗೆ ತನ್ನಿ. ಅವರು ಕೊನೆಯ ಅಂಗುಲವನ್ನು ಕೇಳಿಸಲು ಬಂದಾಗ, ಬದಿಯನ್ನು ಮೊದಲಿನಿಂದ ಹಾಕಿ ಎಂದು ಕೇಳಿ. ಹಾಕುತ್ತಾರೆ.